ಜನತಾ ಗಡಿಯಾರ: ಕೀ ಕೊಟ್ಟರೆ ಓಡುವ ಕಾಲ

ಇಂದು ವೇಳೆ ತಿಳಿಯಲು ಕೈಗಡಿಯಾರವೇ ಬೇಕೆಂದಿಲ್ಲ. ಜೇಬಿನಲ್ಲಿರುವ ಮೊಬೈಲು ಸಾಕು. ಹೀಗಿದ್ದೂ ಹಳೆಯ ಎಚ್.ಎಂ.ಟಿ. ಗಡಿಯಾರಗಳನ್ನು ಹುಡುಕಿ ಕೊಳ್ಳುವವರಿದ್ದಾರೆ. ಅವರಲ್ಲಿ ಯುವಕರೂ ಇದ್ದಾರೆ. ಈ ಒಲವಿಗೆ ಹಳೆಯದರ ಮೇಲಿನ ಮೋಹವೊಂದೇ ಕಾರಣವೆಂದು ನನಗೆ ತೋರುವುದಿಲ್ಲ.

ಸ್ವಾತಂತ್ರ್ಯಾನಂತರದ ಮೊದಲ ವರ್ಷಗಳಲ್ಲಿ ಒಳ್ಳೆಯ ಕೈಗಡಿಯಾರವೆಂದರೆ ಬಹುಮಟ್ಟಿಗೆ ಸ್ವಿಟ್ಜರ್ಲೆಂಡಿನಿಂದ ಬಂದದ್ದೇ. ಅದು ಉಳ್ಳವರ ಆಭರಣ. 1953ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸಂಸ್ಥೆಯ ಮೂಲ ಕಸುಬು ಯಂತ್ರ ತಯಾರಿಸುವ ಯಂತ್ರಗಳದು. ಅದೇ ಸಂಸ್ಥೆ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಗಡಿಯಾರ ತಯಾರಿಕೆಗೆ ಕೈಹಾಕಿತು. ಮೊದಲ ಗಡಿಯಾರಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ಜವಾಹರಲಾಲ್ ನೆಹರೂ. ಮುಂದೆ ಶ್ರೀನಗರ, ತುಮಕೂರು, ರಾಣಿಬಾಗ್‌ಗಳಲ್ಲಿಯೂ ಕಾರ್ಖಾನೆಗಳು ತಲೆಯೆತ್ತಿದವು.

ಆ ಗಡಿಯಾರಗಳ ಹೆಸರುಗಳನ್ನು ಗಮನಿಸಿ: ಜನತಾ, ಸುಜಾತಾ, ಜವಾನ್, ಪೈಲಟ್, ಸೋನಾ, ಕಾಂಚನ್. ಅಂಧರು ಮುಟ್ಟಿ ವೇಳೆ ತಿಳಿಯಲೆಂದು ಬ್ರೈಲ್ ಗಡಿಯಾರವನ್ನೂ ಮಾಡಿದರು. ಎಲ್ಲರ ಮಣಿಕಟ್ಟಿನ ಮೇಲೂ ಕಾಲವಿರಲಿ ಎಂಬ ಆಶಯ ಅಲ್ಲಿತ್ತು. ಪರೀಕ್ಷೆಯಲ್ಲಿ ತೇರ್ಗಡೆಯಾದ ಮಗನಿಗೆ, ಮೊದಲ ನೌಕರಿ ಹಿಡಿದ ಮಗಳಿಗೆ, ಹಸೆಮಣೆ ಏರುವ ಅಳಿಯನಿಗೆ ಕೊಡುತ್ತಿದ್ದ ಉಡುಗೊರೆ ಅದೇ.

ಜನತಾ ಗಡಿಯಾರದ ಒಳಗೆ ಬ್ಯಾಟರಿಯಿಲ್ಲ. ದಿನಕ್ಕೊಮ್ಮೆ ಕೀ ಕೊಟ್ಟರೆ ಸುತ್ತಿಕೊಂಡ ಸ್ಪ್ರಿಂಗು ನಿಧಾನವಾಗಿ ಬಿಚ್ಚಿಕೊಳ್ಳುತ್ತ ಚಕ್ರಗಳನ್ನು ತಿರುಗಿಸುತ್ತದೆ. ಸವೆತ ತಡೆಯಲು ಒಳಗೆ 17 ಕೆಂಪು ಹರಳುಗಳು. ಸೆಕೆಂಡಿಗೆ 5ರಂತೆ ದಿನಕ್ಕೆ 4,32,000 ಬಡಿತಗಳು! ಬೆಳಿಗ್ಗೆ ಮುಖ ತೊಳೆದು, ಆಕಾಶವಾಣಿಯ ವಾರ್ತೆಯ ವೇಳೆಗೆ ಮುಳ್ಳು ಸರಿಪಡಿಸಿ ಕೀ ಕೊಡುವುದು ಅನೇಕ ಮನೆಗಳಲ್ಲಿ ಸಂಧ್ಯಾವಂದನೆಯಷ್ಟೇ ನಿಯಮದ ಕಾರ್ಯವಾಗಿತ್ತು. ಕಾಲ ತಾನಾಗಿ ಓಡುತ್ತಿರಲಿಲ್ಲ. ನಾವು ಅದನ್ನು ನಡೆಸಬೇಕಿತ್ತು.

1969ರಲ್ಲಿ ಜಪಾನಿನ ಸೈಕೋ ಕಂಪನಿ ಮಾರುಕಟ್ಟೆಗೆ ತಂದ ಕ್ವಾರ್ಟ್ಜ್ ಕೈಗಡಿಯಾರ ಜಗತ್ತಿನ ಲೆಕ್ಕಾಚಾರವನ್ನೇ ಬದಲಿಸಿತು. 1980ರ ದಶಕದಲ್ಲಿ ನಮ್ಮಲ್ಲೂ ಟೈಟನ್ ಬಂದಿತು. ಎಚ್.ಎಂ.ಟಿ. ಕ್ವಾರ್ಟ್ಜ್ ಗಡಿಯಾರಗಳನ್ನು ಮಾಡಿತಾದರೂ ಬದಲಾದ ಅಭಿರುಚಿಯ ಜೊತೆ ಹೆಜ್ಜೆ ಹಾಕಲಾಗಲಿಲ್ಲ. ಕೊನೆಗೆ 2016ರ ಜನವರಿಯಲ್ಲಿ ಗಡಿಯಾರ ಘಟಕವನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ ಒಪ್ಪಿಗೆ ನೀಡಿತು.

ಕಾರ್ಖಾನೆ ಮುಚ್ಚಿತು, ಗಡಿಯಾರಗಳು ಮಾತ್ರ ನಿಲ್ಲಲಿಲ್ಲ. ಇದಕ್ಕೆ ಕಾರಣ ಅವುಗಳ ಸರಳ ರಚನೆ. ಬಿಚ್ಚಬಹುದು, ತೊಳೆಯಬಹುದು, ಎಣ್ಣೆ ಹಾಕಬಹುದು, ಸವೆದ ಚಕ್ರವನ್ನು ಬದಲಿಸಬಹುದು. ಬಸ್ ನಿಲ್ದಾಣದ ಪಕ್ಕದ ಪುಟ್ಟ ಗೂಡಂಗಡಿಯಲ್ಲಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತ ರಿಪೇರಿಯವರ ಕೈಯಲ್ಲಿ ಅವು ಮತ್ತೆ ಮತ್ತೆ ಜೀವ ಪಡೆದವು. ಕೆಟ್ಟರೆ ಎಸೆಯಬೇಕೆಂಬ ಮಾತೇ ಅಲ್ಲಿರಲಿಲ್ಲ. ಇಂದಿನವರನ್ನೂ ಸೆಳೆಯುತ್ತಿರುವ ಗುಣ ಇದೇ ಎಂದು ನನ್ನ ನಂಬಿಕೆ.

ಆದರೆ ಆ ಗೂಡಂಗಡಿಗಳು ಒಂದೊಂದಾಗಿ ಬಾಗಿಲು ಮುಚ್ಚುತ್ತಿವೆ. ಹಳೆಯ ಬಿಡಿಭಾಗಗಳಿಗೆ ಬಣ್ಣ ಬಳಿದ ಹೊಸ ಮುಖ ಜೋಡಿಸಿ 'ಅಪರೂಪದ್ದು' ಎಂದು ಮಾರುವವರು ಹೆಚ್ಚಿದ್ದಾರೆ; ಕೊಳ್ಳುವವರು ಎಚ್ಚರದಿಂದಿರಬೇಕು. ಗಡಿಯಾರಗಳನ್ನು ವಸ್ತುಸಂಗ್ರಹಾಲಯ ಕಾಪಾಡೀತು. ಅವನ್ನು ಓಡಿಸುವ ವಿದ್ಯೆಯನ್ನು ಕೈಯಿಂದ ಕೈಗೆ ದಾಟಿಸಿಯೇ ಉಳಿಸಿಕೊಳ್ಳಬೇಕು. ಓದುಗರೇ, ನಿಮ್ಮ ಮನೆಯ ಬೀರುವಿನಲ್ಲಿ ಅಂಥದೊಂದು ಮಲಗಿದ್ದರೆ, ನಿಮ್ಮೂರಿನ ರಿಪೇರಿಯವರು ಇರುವಾಗಲೇ ಒಮ್ಮೆ ಅವರ ಬಳಿ ಕೊಂಡೊಯ್ಯಿರಿ.