ಹಲಗಲಿಯ ಬೀಸುಕಲ್ಲು

ನಮ್ಮ ಬೆಲ್ಲದ ಬಾಗೇವಾಡಿಯಿಂದ ಗೋಕಾಕ ದಾಟಿ ಮೂಡಲಕ್ಕೆ ಹೋದರೆ ಮುಧೋಳ. ಆ ತಾಲೂಕಿನ ಊರು ಹಲಗಲಿ. ಅದರ ಲಾವಣಿಯನ್ನು ಹತ್ತನೇ ಇಯತ್ತೆಯಲ್ಲಿ ಓದಿದೆವು, ಮಾರ್ಕು ತಗೊಂಡೆವು, ಮರೆತೆವು. ಈಗ ಮತ್ತೆ ಓದಬೇಕಾಗಿದೆ, ಗೆಳೆಯರೇ.

1857ರಲ್ಲಿ ಉತ್ತರದ ಸಿಪಾಯಿಗಳು ತಿರುಗಿಬಿದ್ದರು. ಹೆದರಿದ ಕಂಪನಿ ಸರಕಾರ ಜನರ ಕೈಯ ಆಯುಧ ಕಸಿಯಲು ಕಾಯ್ದೆ ಮಾಡಿತು. ಲೈಸೆನ್ಸ್ ಇಲ್ಲದೆ ಕತ್ತಿ, ಬಂದೂಕು ಇಟ್ಟುಕೊಳ್ಳುವಂತಿಲ್ಲ. ಹಲಗಲಿ ಆಗ ಘೋರ್ಪಡೆಯವರ ಮುಧೋಳ ಸಂಸ್ಥಾನದ ಹಳ್ಳಿ. ಅರಮನೆ ನಮ್ಮವರದೇ, ಹುಕುಂ ಮಾತ್ರ ಕಂಪನಿಯದು.

ಬೇಡರಿಗೆ ಆಯುಧ ಅಂದರೆ ಗೋಡೆಯ ಅಲಂಕಾರ ಅಲ್ಲ. ಬೇಟೆ ಅದರಿಂದ, ಕಾವಲು ಅದರಿಂದ, ಹೊಟ್ಟೆ ಅದರಿಂದ, ಮಾನವೂ ಅದರಿಂದ. ಹನುಮ, ಬಾಲ, ಜಡಗ, ರಾಮ ಮುಂದಾದರು. ‘ಕೊಡೂದಿಲ್ಲ’ ಅಂದರು. ಇಷ್ಟೇ ಅವರ ಬಂಡಾಯ. ಸಿಂಹಾಸನ ಕೇಳಲಿಲ್ಲ, ತಮ್ಮ ಕೈಯಲ್ಲಿದ್ದದ್ದು ತಮ್ಮ ಕೈಯಲ್ಲೇ ಇರಲಿ ಅಂದರು.

ನವೆಂಬರ್ ಕೊನೆಗೆ ಕರ್ನಲ್ ಮಾಲ್ಕಮನ ದಂಡು ಊರನ್ನು ಸುತ್ತಿತು. ಬೇಡರು ಮನೆಮನೆಯಿಂದ ಹೊಡೆದಾಡಿದರು. ದಂಡು ಮನೆಗಳಿಗೆ ಬೆಂಕಿ ಹಚ್ಚಿತು. ಡಿಸೆಂಬರ್ 11ರಂದು ಮುಧೋಳದಲ್ಲಿ ಹಲವರನ್ನು ಎಲ್ಲರ ಕಣ್ಣೆದುರು ನೇಣಿಗೆ ಹಾಕಿದರು. ಮೂರು ದಿನದ ಮೇಲೆ ಹಲಗಲಿಯಲ್ಲೂ ಹಗ್ಗ ಬಿಗಿದರು. ನೋಡಿದವರು ಹೆದರಿಕೊಂಡು ಮನೆಗೆ ಹೋಗಲಿ ಅಂತ.

ಸರಕಾರದ ಲೆಕ್ಕ ಸತ್ತವರ ತಲೆ ಎಣಿಸಿ ಮುಗಿಯಿತು. ಲಾವಣಿಕಾರನ ಲೆಕ್ಕ ಬೇರೆ. ಲೂಟಿಯಾದದ್ದನ್ನು ಅವನು ಒಂದೊಂದಾಗಿ ಹೇಳುತ್ತಾನೆ. ಬೀಸುಕಲ್ಲು ಬಿಡುವುದಿಲ್ಲ, ಅರಿಷಿಣ ಬಿಡುವುದಿಲ್ಲ, ಹೆಂಗಸರ ಕೊರಳಿನ ತಾಳಿ ಬಿಡುವುದಿಲ್ಲ, ಬೆಲ್ಲವನ್ನೂ ಬಿಡುವುದಿಲ್ಲ. ಹೆಸರಿನಲ್ಲೇ ಬೆಲ್ಲ ಇಟ್ಟುಕೊಂಡ ಊರಿನ ನಮಗೆ ಅಲ್ಲಿ ಗಂಟಲು ಕಟ್ಟುತ್ತದೆ. ಬೀಸುಕಲ್ಲನ್ನು ಯಾವ ದಂಡು ಹೆದರಿ ಒಯ್ಯುತ್ತದೆ? ಕತ್ತಿ ಕಸಿಯಲು ಬಂದವರು ಒಲೆಯನ್ನೂ ಕಸಿದರು ಅಂತ ಅವನು ಸಾಕ್ಷಿ ನುಡಿದ. ಮುಂದೆ ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೇ ಆ ಸಾಕ್ಷಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ.

ಹಲಗಲಿಯನ್ನು ದೇಶಭಕ್ತಿಯ ಒಂದು ಪಾಠ ಮಾಡಿ ಮುಚ್ಚಿಬಿಡುವುದು ಸುಲಭ. ಹಾಗೆ ಮುಚ್ಚಿದರೆ ಆ ಅರಮನೆ ಮರೆಯಾಗುತ್ತದೆ, ಆ ಬೀಸುಕಲ್ಲೂ ಮರೆಯಾಗುತ್ತದೆ. ನಮ್ಮ ಮನೆಗಳಲ್ಲಿ ಅಕ್ಷರ ಕಲಿತವರಲ್ಲಿ ನಾವೇ ಮೊದಲಿಗರು. ನಮ್ಮ ಅಜ್ಜಂದಿರು ಕಳಕೊಂಡದ್ದು ಯಾವ ದಫ್ತರದಲ್ಲೂ ಇಲ್ಲ.

ಹಳ್ಳಿಯ ಮಾಸ್ತರರೇ, ಈ ಪದ್ಯ ಪಾಠ ಮಾಡುವ ದಿನ ಕವಿಪರಿಚಯ ಆಮೇಲೆ ಬರೆಸಿರಿ. ಮೊದಲು ಮಕ್ಕಳನ್ನು ಅಜ್ಜಿಯ ಹತ್ತಿರ ಕಳಿಸಿರಿ. ‘ನಮ್ಮ ಮನ್ಯಾಗ ಏನೇನಿತ್ತು, ಯಾರು ಒಯ್ದರು?’ ಅಂತ ಕೇಳಿಕೊಂಡು ಬರಲಿ. ಆ ಯಾದಿಯಿಂದ ನಮ್ಮ ಇತಿಹಾಸ ಸುರುವಾಗುತ್ತದೆ.