ಮೂತ್ರಕೋಶದ ಕ್ಯಾನ್ಸರ್: ಮರುಕಳಿಕೆ ತಡೆಯುವ ಇಮ್ಯುನೊಥೆರಪಿ

ಮೂತ್ರಕೋಶದ ಒಳಪದರದಲ್ಲಿ ಹುಟ್ಟುವ ಕ್ಯಾನ್ಸರ್ ಗಡ್ಡೆಯನ್ನು ಮೂತ್ರದ್ವಾರದ ಮೂಲಕ ಉಪಕರಣ ತೂರಿಸಿ ಕೆರೆದು ತೆಗೆದರೂ ಅದು ಮರುಕಳಿಸುವುದುಂಟು. ಹಾಗಾಗದಂತೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕೆರಳಿಸುವ ಚಿಕಿತ್ಸೆಯೇ ಇಮ್ಯುನೊಥೆರಪಿ. ಇದರ ಮೊದಲ ಯಶಸ್ವಿ ಔಷಧ ಕ್ಷಯದ ಲಸಿಕೆ ಬಿ.ಸಿ.ಜಿ.

ಫ್ರಾನ್ಸಿನ ಕಾಲ್ಮೆಟ್ ಮತ್ತು ಗೆರಾನ್ 1908ರಿಂದ 13 ವರ್ಷ ದನಗಳ ಕ್ಷಯಾಣುವನ್ನು 230 ಸಲ ಮರುಬೆಳೆಸಿ, ಅದರ ತೀವ್ರತೆ ತಗ್ಗಿಸಿ ಸಿದ್ಧಪಡಿಸಿದ ಲಸಿಕೆಯಿದು. ಭಾರತದಲ್ಲಿ 1948ರಲ್ಲಿ ಮದರಾಸಿನ ಗಿಂಡಿಯಲ್ಲಿ ಇದರ ಪ್ರಯೋಗಾಲಯ ಸ್ಥಾಪನೆಯಾಯಿತು.

ಕೆನಡಾದ ಕಿಂಗ್‌ಸ್ಟನ್‌ನ ವೈದ್ಯ ಆಲ್ವಾರೊ ಮೊರಾಲೆಸ್ 1976ರಲ್ಲಿ ಕೇವಲ 9 ರೋಗಿಗಳ ಅನುಭವವನ್ನು ಪ್ರಕಟಿಸಿದರು. ಬಿ.ಸಿ.ಜಿ.ಯನ್ನು ನಳಿಕೆಯಿಂದ ನೇರವಾಗಿ ಮೂತ್ರಕೋಶಕ್ಕೆ ತುಂಬಿಸಿದಾಗ ಮರುಕಳಿಕೆ ಕಡಿಮೆಯಾಗಿತ್ತು. ವಾರಕ್ಕೊಂದು ಸಲದಂತೆ ಆರು ವಾರ ಎಂಬ ಕ್ರಮವೂ ಅವರದೇ. ಲಸಿಕೆ ಆರು ಸೀಸೆಗಳ ಪೊಟ್ಟಣದಲ್ಲಿ ಬರುತ್ತಿತ್ತು, ಅಡ್ಡಪರಿಣಾಮಗಳು ವಾರದೊಳಗೆ ಇಳಿಯುತ್ತಿದ್ದವು ಎಂಬುದೇ ಅದಕ್ಕೆ ಕಾರಣ. ಇಷ್ಟು ಸರಳ ಕಾರಣದಿಂದ ಹುಟ್ಟಿದ ಕ್ರಮ ಇಂದಿಗೂ ಜಗತ್ತಿನ ಪದ್ಧತಿಯಾಗಿ ಉಳಿದಿರುವುದು ಆಶ್ಚರ್ಯ. ಮುಂದೆ ಡೊನಾಲ್ಡ್ ಲ್ಯಾಮ್ ಮೊದಲಾದವರ ತುಲನಾತ್ಮಕ ಪ್ರಯೋಗಗಳು ಫಲಿತಾಂಶವನ್ನು ದೃಢಪಡಿಸಿದವು. 1990ರಲ್ಲಿ ಅಮೆರಿಕ ಒಪ್ಪಿಗೆ ನೀಡಿತು. ಮೂರು ವರ್ಷ ಮುಂದುವರಿಸಿದರೆ ಮರುಕಳಿಕೆಯಿಲ್ಲದ ಅವಧಿಯ ಮಧ್ಯಾಂಕ 35.7 ತಿಂಗಳಿಂದ 76.8ಕ್ಕೆ ಏರುತ್ತದೆಂದು 2000ದ ವರದಿ ತೋರಿಸಿತು.

ಆ ಪೂರ್ಣ ಕ್ರಮಕ್ಕೆ 27 ಸಲ ಆಸ್ಪತ್ರೆಗೆ ಹೋಗಬೇಕು. ಕೇರಳದ ಕಾಸರಗೋಡಿನವರಿಗೆ ಹೆಚ್ಚು ಕಷ್ಟವಾಗುವುದು ಇಲ್ಲಿಯೇ. ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ನೂರು ಕಿಲೋಮೀಟರಿಗೂ ದೂರ. ಹತ್ತಿರದ ಮಂಗಳೂರು ಬೇರೆ ರಾಜ್ಯ. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣ ಕರ್ನಾಟಕ ತಲಪಾಡಿ ಗಡಿಯನ್ನು ಮುಚ್ಚಿದಾಗ ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದ ಜನ ಕಂಗೆಟ್ಟರು. ವಿವಾದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ವಾರದ ಲೆಕ್ಕದಲ್ಲಿ ನಡೆಯುವ ಚಿಕಿತ್ಸೆಗೆ ರಸ್ತೆಯೂ ಔಷಧದಷ್ಟೇ ಮುಖ್ಯ.

ಕ್ಯಾನ್ಸರ್ ಸ್ನಾಯುಪದರಕ್ಕೆ ಇಳಿದರೆ ಸಾಮಾನ್ಯವಾಗಿ ಮೂತ್ರಕೋಶವನ್ನೇ ತೆಗೆಯುತ್ತಾರೆ. ಅಂಥವರಲ್ಲಿ ಪ್ರತಿರಕ್ಷಣೆಯ ತಡೆಗಳನ್ನು ಸಡಿಲಿಸುವ ಹೊಸ ಔಷಧಗಳ ಪರೀಕ್ಷೆ ನಡೆದಿದೆ. 709 ರೋಗಿಗಳ ಮೇಲಿನ 2021ರ ಪ್ರಯೋಗದಲ್ಲಿ ನಿವೊಲುಮಾಬ್ ಪಡೆದವರ ರೋಗಮುಕ್ತ ಅವಧಿಯ ಮಧ್ಯಾಂಕ 20.8 ತಿಂಗಳು, ಹುಸಿಮದ್ದು ಪಡೆದವರದು 10.8. ಅದೇ ವರ್ಷ ಪ್ರಕಟವಾದ, ಇದೇ ಬಗೆಯ ಔಷಧವಾದ ಅಟೆಜೊಲಿಜುಮಾಬ್‌ನ ಪ್ರಯೋಗ ಸೋತಿತ್ತು. ಆದರೆ ರಕ್ತದಲ್ಲಿ ಗಡ್ಡೆಯ ಡಿಎನ್‌ಎ ಉಳಿದವರನ್ನಷ್ಟೇ ಆರಿಸಿಕೊಂಡ 2025ರ ಪ್ರಯೋಗದಲ್ಲಿ ಅದೇ ಔಷಧ ಫಲ ಕೊಟ್ಟಿತು. ಡಿಎನ್‌ಎ ಕಾಣದವರಿಗೆ ಔಷಧ ಕೊಡದೆ ನಿಗಾದಲ್ಲಷ್ಟೇ ಇರಿಸಲಾಗಿತ್ತು.