ಹಸೆ ಚಿತ್ತಾರದ ಬೇಸಿಗೆ ಶಿಬಿರ: ಸೇರುವ ಮುನ್ನ ಗೊತ್ತಿರಬೇಕಾದ ಸಂಗತಿಗಳು ಇಲ್ಲಿವೆ

ಸಾಗರ: ಏಪ್ರಿಲ್‌ನಲ್ಲಿ ಶಾಲೆಗಳಿಗೆ ರಜೆ ಸಿಕ್ತು ಅಂದ್ರೆ ತಾಲೂಕಿನಲ್ಲಿ ಬೇಸಿಗೆ ಶಿಬಿರದ ಬ್ಯಾನರ್‌ಗಳು ಏಳುತ್ತವೆ. ಚಿತ್ರಕಲೆ, ನಾಟಕ, ಯಕ್ಷಗಾನ, ಜೇಡಿಮಣ್ಣಿನ ಕೆಲಸದ ಜೊತೆ ‘ಹಸೆ ಚಿತ್ತಾರ ಕಾರ್ಯಾಗಾರ’ ಅನ್ನೋ ಸಾಲೂ ಈಗ ಸೇರಿಕೊಂಡಿದೆ. ಕೆಲವು ಒಂದೇ ದಿನದ್ದು, ಕೆಲವು ವಾರದ್ದು. ಕೊನೇ ದಿನ ಕಲಿತವರು ಬಿಡಿಸಿದ್ದನ್ನೆಲ್ಲ ತೂಗುಹಾಕಿ ಪ್ರದರ್ಶನ, ಪ್ರಮಾಣಪತ್ರ, ಫೋಟೊ.

ಮಕ್ಕಳನ್ನ ಕಳಿಸುವ ಅಥವಾ ತಾವೇ ಕಲಿಯಬೇಕು ಅಂತಿರುವ ಓದುಗರಿಗಾಗಿ ಈ ಕಲೆ ಏನು, ಶಿಬಿರದಲ್ಲಿ ಏನಿರಬೇಕು, ಪ್ರದರ್ಶನದಲ್ಲಿ ಕೊಂಡದ್ದನ್ನ ಹೇಗೆ ಇಟ್ಟುಕೊಳ್ಳಬೇಕು ಅನ್ನೋ ಮಾಹಿತಿ ಇಲ್ಲಿದೆ.

ಇದು ವಾರ್ಲಿ ಅಲ್ಲ

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಕೆಮ್ಮಣ್ಣಿನ ಮೇಲೆ ಬಿಳಿ ಗೆರೆ ಕಂಡ ಕೂಡಲೇ ‘ಓ, ವಾರ್ಲಿ’ ಅನ್ನುವವರು ನಮ್ಮ ಜಿಲ್ಲೆಯಲ್ಲೇ ಬೇಕಾದಷ್ಟಿದ್ದಾರೆ. ವಾರ್ಲಿ ಮಹಾರಾಷ್ಟ್ರದ ಪಾಲ್ಘರ್, ಠಾಣೆ ಕಡೆಯ ಬುಡಕಟ್ಟಿನವರ ಕಲೆ. ಅದರಲ್ಲಿ ಮನುಷ್ಯರು ಕುಣಿಯುತ್ತಾರೆ, ಎತ್ತು ಉಳುತ್ತದೆ, ದೃಶ್ಯಗಳು ತುಂಬಿರುತ್ತವೆ. ಹಸೆ ಚಿತ್ತಾರ ಮುಖ್ಯವಾಗಿ ಗೆರೆಯ ಲೆಕ್ಕಾಚಾರ. ಒಂದರ ಪಕ್ಕ ಒಂದು ಎಳೆಯುವ ನೇರ ಎಳೆಗಳು, ಅವು ಒಂದನ್ನೊಂದು ದಾಟುವಾಗ ಹುಟ್ಟುವ ಚೌಕ, ತ್ರಿಕೋನ. ಅದರ ನಡುವೆ ತೇರು, ಬತ್ತದ ಸಸಿ, ಹೂವು, ಮದುಮಕ್ಕಳು. ಮದುಮಕ್ಕಳು ಕೂಡ ತ್ರಿಕೋನದ ಗೊಂಬೆಗಳೇ.

ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ, ಹೊಸನಗರ ಮತ್ತು ಉತ್ತರ ಕನ್ನಡದ ಸಿದ್ದಾಪುರ, ಶಿರಸಿ ಭಾಗದ ದೀವರ ಮನೆಗಳಲ್ಲಿ ಹೆಂಗಸರು ಬಿಡಿಸಿಕೊಂಡು ಬಂದದ್ದು ಇದು. ಹಸೆ ಅಂದ್ರೆ ಮದುವೆಯಲ್ಲಿ ಗಂಡು ಹೆಣ್ಣನ್ನ ಕೂರಿಸುವ ಜಾಗ. ‘ಹಸೆಮಣೆ ಏರಿದರು’ ಅಂತ ನಾವೂ ಸುದ್ದಿಯಲ್ಲಿ ಬರೀತೀವಲ್ಲ, ಅದೇ ಹಸೆ. ಅದರ ಹಿಂದಿನ ಗೋಡೆ ಹಸೆಗೋಡೆ, ಅಲ್ಲಿ ಬಿಡಿಸುವುದು ಹಸೆಗೋಡೆ ಚಿತ್ತಾರ. ಭೂಮಿ ಹುಣ್ಣಿಮೆಗೆ ಗದ್ದೆಗೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೂ ಇದೇ ಕೈ, ಇದೇ ಗೆರೆ.

ಬೇಸಿಗೆಗೂ ಚಿತ್ತಾರಕ್ಕೂ ಹಳೇ ನಂಟು

ಶಿಬಿರ ಬೇಸಿಗೆಯಲ್ಲಿ ನಡೆಯೋದು ಶಾಲೆ ರಜೆ ಅನ್ನೋ ಕಾರಣಕ್ಕೆ. ಆದ್ರೆ ಚಿತ್ತಾರಕ್ಕೆ ಬೇಸಿಗೆ ಮೊದಲಿಂದಲೂ ಹದವಾದ ಕಾಲ. ಗದ್ದೆ ಕೆಲಸ ಮುಗಿದಿರುತ್ತೆ, ಗೋಡೆ ಒಣಗಿರುತ್ತೆ, ಮದುವೆಗಳು ಸಾಲುಗಟ್ಟಿ ಬರುತ್ತವೆ. ಜೂನ್‌ನಲ್ಲಿ ಮಳೆ ಹಿಡಿದರೆ ಮಣ್ಣಿನ ಗೋಡೆ ಶೀತ ಎಳೆಯುತ್ತೆ, ಬಣ್ಣ ಕೂರೋದಿಲ್ಲ. ಹಿಂದೆಲ್ಲ ಮದುವೆ ಮನೆಗೆ ಊರಿನ ನುರಿತ ಹೆಂಗಸರು ಬಂದು ಹಾಡು ಹೇಳಿಕೊಂಡು ಗೋಡೆ ಬರೆಯೋರು. ಪಕ್ಕದಲ್ಲಿ ಕೂತು ನಾರು ಹಿಡಿದುಕೊಡುತ್ತಿದ್ದ ಹುಡುಗಿಗೆ ಅದೇ ಪಾಠ. ಅದಕ್ಕೆ ಶುಲ್ಕವೂ ಇರಲಿಲ್ಲ, ಸರ್ಟಿಫಿಕೇಟೂ ಇರಲಿಲ್ಲ.

ಈಗ ಮದುವೆ ಕಲ್ಯಾಣ ಮಂಟಪಕ್ಕೆ ಹೋಗಿದೆ. ಹಿಂದಿನ ಪರದೆ, ಹೂವಿನ ಅಲಂಕಾರ ಎಲ್ಲ ಗುತ್ತಿಗೆಯವರದ್ದು. ಮನೆ ಗೋಡೆ ಸಿಮೆಂಟಿನದ್ದಾಗಿ ಡಿಸ್ಟೆಂಪರ್ ಬಳಿದುಕೊಂಡಿದೆ. ಕಲಿಯುವ ಜಾಗವೇ ಹೋಯ್ತು. ಶಿಬಿರಗಳು ತುಂಬಬೇಕಾಗಿರೋದು ಆ ಜಾಗವನ್ನ. ತುಂಬುತ್ತವೋ ಇಲ್ಲವೋ ಅನ್ನೋದು ಶಿಬಿರದಿಂದ ಶಿಬಿರಕ್ಕೆ ಬೇರೆ.

ನಾಲ್ಕು ಬಣ್ಣ, ಒಂದು ನಾರು

ಗೋಡೆಗೆ ಮೊದಲು ಕೆಮ್ಮಣ್ಣು ಸಾರಿಸಬೇಕು. ಬಿಳಿಗೆ ಅಕ್ಕಿ ನೆನೆಸಿ ನುಣ್ಣಗೆ ಅರೆದ ಹಿಟ್ಟು. ಕಪ್ಪಿಗೆ ಅದೇ ಅಕ್ಕಿಯನ್ನ ಕರಿಕಾಗುವಷ್ಟು ಹುರಿದು ಅರೆಯೋದು. ಹಳದಿಗೆ ಗುರಿಗೆ ಬೀಜ. ಬ್ರಷ್ ಇಲ್ಲ, ಪುಂಡಿ ನಾರು. ನಾರಿನ ತುದಿ ಹದ ಮಾಡಿಕೊಂಡು ಬಣ್ಣದಲ್ಲಿ ಅದ್ದಿ ಎಳೆ ಎಳೆಯಬೇಕು.

ಕೇಳೋಕೆ ಸುಲಭ. ಕೈ ಹಾಕಿದಾಗ ಗೊತ್ತಾಗುತ್ತೆ. ಹಿಟ್ಟು ತೆಳುವಾದರೆ ಇಳಿಯುತ್ತೆ, ಗಟ್ಟಿಯಾದರೆ ಗೆರೆ ಮಧ್ಯಕ್ಕೇ ತುಂಡಾಗುತ್ತೆ. ಅಕ್ಕಿಯ ಬಿಳಿ ಹಸಿಯಿದ್ದಾಗ ಮಂಕಾಗಿ ಕಂಡು, ಒಣಗಿದ ಮೇಲೆ ಎದ್ದು ಕಾಣುತ್ತೆ. ಹೊಸಬರು ಬಣ್ಣ ಬರಲಿಲ್ಲ ಅಂತ ಗೆರೆ ಮೇಲೆ ಗೆರೆ ಎಳೆದು ದಪ್ಪ ಮಾಡಿಬಿಡ್ತಾರೆ. ನೇರ ಎಳೆಯ ಮೇಲೆ ಹಿಡಿತ ಬಾರದೆ ತೇರು ಬಿಡಿಸೋಕೆ ಹೋದರೆ ತೇರು ವಾಲುತ್ತೆ, ಅಷ್ಟೆ. ಗೋಡೆಗೆ ಸ್ಕೇಲು, ಪೆನ್ಸಿಲ್ಲಿನ ಗುರುತು ಹಾಕಿಕೊಳ್ಳದೆ ನಡುವಿಂದ ಅಂಚಿಗೆ ಲೆಕ್ಕ ಸರಿಹೊಂದಿಸುವ ಅಜ್ಜಿಯಂದಿರನ್ನ ನೋಡುತ್ತಾ ಕೂತರೇ ಅರ್ಧ ದಿನ ಕಳೆಯುತ್ತೆ, ಆ ಅರ್ಧ ದಿನ ದಂಡ ಅಲ್ಲ.

ಸೇರುವ ಮುನ್ನ ಏನು ಕೇಳಬೇಕು

ಬಣ್ಣ ಯಾವುದು ಅಂತ ಮೊದಲು ಕೇಳಿ. ಒಂದು ದಿನದ ಶಿಬಿರಗಳಲ್ಲಿ ಹೆಚ್ಚಾಗಿ ಕೆಂಪು ಹಾಳೆ, ಪೋಸ್ಟರ್ ಕಲರ್, ಅಂಗಡಿಯ ಬ್ರಷ್ ಕೊಡ್ತಾರೆ. ಚಿಕ್ಕ ಮಕ್ಕಳಿಗೆ ರುಚಿ ಹತ್ತಿಸೋಕೆ ಅದು ಸಾಕು, ತಪ್ಪೇನಿಲ್ಲ. ಆದ್ರೆ ದೊಡ್ಡವರು ಹಣ ಕೊಟ್ಟು ಕಲಿಯೋದಾದ್ರೆ ಮಣ್ಣು ಕಲಸೋದು, ಅಕ್ಕಿ ಅರೆಯೋದು, ನಾರು ಹದ ಮಾಡೋದು ಇರುವ ಶಿಬಿರವನ್ನೇ ಹುಡುಕಿ. ಅಕ್ಕಿ ನೆನೆಯಬೇಕು, ಬಳಿದ ಮಣ್ಣು ಒಣಗಬೇಕು, ಕೈ ಪಳಗಬೇಕು. ಇದಕ್ಕೆ ಮೂರು ದಿನವಾದರೂ ಬೇಕು. ಐದು ದಿನ ಇದ್ರೆ ಇನ್ನೂ ಒಳ್ಳೇದು.

ಎಂಟು ವರ್ಷದೊಳಗಿನವರನ್ನ ನೇರ ಎಳೆಗೆ ಕೂರಿಸಿದರೆ ಅರ್ಧ ಗಂಟೆಯಲ್ಲಿ ಬೇಸರ ಬಂದುಬಿಡುತ್ತೆ. ಅವರಿಗೆ ಬುಟ್ಟಿಗೆ ಮಣ್ಣು ಬಳಿಯುವ ಕೆಲಸ ಕೊಡಿ. ಹಳೇ ಬಟ್ಟೆ ಹಾಕಿ ಕಳಿಸಿ, ಕೆಮ್ಮಣ್ಣಿನ ಕಲೆ ಹೋಗಲ್ಲ.

ಕಲಿಸೋರು ಯಾರು ಅನ್ನೋದು ಮುಖ್ಯ ಪ್ರಶ್ನೆ. ಗೋಡೆ ಬರೆದು ಅಭ್ಯಾಸ ಇರೋ ಹೆಂಗಸರು ಬರ್ತಾರಾ, ಇಲ್ಲ ಮೊಬೈಲ್‌ನಲ್ಲಿ ವಿನ್ಯಾಸ ನೋಡಿ ಕಲಿಸ್ತಾರಾ? ಬಂದರೂ ಉದ್ಘಾಟನೆಗೆ ಒಂದು ಗೆರೆ ಎಳೆಸಿ, ಶಾಲು ಹೊದೆಸಿ ಕಳಿಸುವ ಪದ್ಧತಿ ಇದೆ. ಚಿತ್ರಕಲಾ ಶಿಕ್ಷಕರಿಗೆ ದಿನದ ಸಂಭಾವನೆ, ಚಿತ್ತಾರ ಗೊತ್ತಿರುವ ಅಜ್ಜಿಗೆ ಹಣ್ಣಿನ ತಟ್ಟೆ. ಇದು ಸರಿಯಲ್ಲ. ಇಬ್ಬರಿಗೂ ಒಂದೇ ಸಂಭಾವನೆ, ಬಸ್ ಚಾರ್ಜು, ಆಹ್ವಾನ ಪತ್ರಿಕೆಯಲ್ಲಿ ಇಬ್ಬರ ಹೆಸರೂ ಇರಬೇಕು. ಪೋಷಕರು ಕೇಳಿದ್ರೆ ಸಂಘಟಕರು ಮಾಡ್ತಾರೆ. 1951ರಲ್ಲಿ ಇದೇ ತಾಲೂಕಿನ ಕಾಗೋಡಿನ ಗೇಣಿದಾರರು ಬತ್ತ ಅಳೆಯುವ ಕೊಳಗದ ಅಳತೆ ಸರಿಯಿಲ್ಲ ಅಂತ ಸತ್ಯಾಗ್ರಹಕ್ಕೆ ಇಳಿದಿದ್ದರು. ಅವರಲ್ಲಿ ಹೆಚ್ಚಿನವರು ದೀವರು. ಅಳತೆಯ ವಿಷಯದಲ್ಲಿ ಈ ಊರಿಗೆ ಬುದ್ಧಿ ಹೇಳಬೇಕಾಗಿಲ್ಲ.

ಗೋಡೆಯಿಂದ ಕಾಗದಕ್ಕೆ ಬಂದರೆ ಕಲೆ ಕೆಡುತ್ತೆ ಅನ್ನೋ ವಾದವೂ ಇದೆ. ಅದನ್ನ ಪೂರ್ತಿ ಒಪ್ಪೋಕಾಗಲ್ಲ. ಬಿಹಾರದ ಮಧುಬನಿ ಚಿತ್ರಗಳು 1960ರ ದಶಕದ ಬರಗಾಲದಲ್ಲಿ ಗೋಡೆಯಿಂದ ಕಾಗದಕ್ಕೆ ಬಂದವು, ಆ ಹೆಂಗಸರಿಗೆ ಅದೇ ಸಂಪಾದನೆಯಾಯಿತು. ವಾರ್ಲಿಯನ್ನ ಕಾಗದಕ್ಕೆ ತಂದು ಹೆಸರು ಮಾಡಿದ ಜಿವ್ಯಾ ಸೋಮಾ ಮಾಶೆ ಅವರಿಗೆ 2011ರಲ್ಲಿ ಪದ್ಮಶ್ರೀ ಬಂತು. ಎರಡೂ ಕಡೆ ಬಿಡಿಸುತ್ತಿದ್ದವರೇ ಕಾಗದ ಹಿಡಿದರು, ಅದು ಗಮನಿಸಬೇಕಾದ್ದು.

ಪ್ರದರ್ಶನದಲ್ಲಿ ಕೊಳ್ಳುವಾಗ

ಶಿಬಿರದ ಕೊನೇ ದಿನದ ಪ್ರದರ್ಶನದಲ್ಲಿ ಚೌಕಟ್ಟು ಹಾಕಿದ ಚಿತ್ತಾರ, ಭೂಮಣ್ಣಿ ಬುಟ್ಟಿ ಮಾರಾಟಕ್ಕೂ ಇಡ್ತಾರೆ. ಜೊತೆಗೆ ಗುಡಿಗಾರರ ಬೆಂಡಿನ ಬಾಸಿಂಗ ಸಿಕ್ಕರೆ ನೋಡಿ, ಅದೂ ಮದುವೆ ಕಾಲದ್ದೇ ಕೈಕೆಲಸ. ಅಕ್ಕಿ ಬಣ್ಣದ್ದೋ ಅಕ್ರಿಲಿಕ್ಕೋ ಅಂತ ಕೇಳಿ ತಗೊಳ್ಳಿ. ಎರಡನ್ನೂ ಕೊಳ್ಳಬಹುದು, ಆದ್ರೆ ಇಟ್ಟುಕೊಳ್ಳುವ ರೀತಿ ಬೇರೆ. ಅಕ್ರಿಲಿಕ್ ಒದ್ದೆ ಬಟ್ಟೆ ತಡೆಯುತ್ತೆ. ಅಕ್ಕಿ ಬಣ್ಣಕ್ಕೆ ನೀರು ತಾಗಬಾರದು. ನಮ್ಮ ಕಡೆಯ ಮಳೆಗಾಲದಲ್ಲಿ ಅದಕ್ಕೆ ಬೂಸ್ಟು ಹಿಡಿಯುತ್ತೆ, ಹುಳವೂ ಬರುತ್ತೆ. ಗಾಜಿನ ಚೌಕಟ್ಟು ಹಾಕಿಸಿ, ಶೀತ ಬರುವ ಹೊರಗೋಡೆಗೆ ತೂಗುಹಾಕದೆ ಒಳಗೋಡೆಗೆ ಹಾಕಿ.

ಬುಟ್ಟಿಗೆ ಸಗಣಿ, ಕೆಮ್ಮಣ್ಣು ಸಾರಿಸಿರುತ್ತಾರೆ. ತೊಳೆಯೋಕೆ ಹೋಗಬೇಡಿ, ಒಣ ಬಟ್ಟೆಯಲ್ಲಿ ಧೂಳು ಕೊಡವಿದರೆ ಸಾಕು. ಮಳೆಗಾಲಕ್ಕೆ ಅಡುಗೆಮನೆಯ ಒಲೆ ಹತ್ತಿರದ ಬೆಚ್ಚನೆ ಜಾಗದಲ್ಲಿ ತೂಗುಹಾಕಿದರೆ ಚೆನ್ನಾಗಿರುತ್ತೆ. ಬರೆದವರ ಹೆಸರು, ಊರು ಒಂದು ಚೀಟಿಯಲ್ಲಿ ಬರೆಸಿ ಹಿಂದೆ ಅಂಟಿಸಿಕೊಳ್ಳಿ. ಮುಂದೆ ಬೇಕಾದರೆ ನೇರವಾಗಿ ಅವರನ್ನೇ ಕೇಳಬಹುದು. ಭೂಮಿ ಹುಣ್ಣಿಮೆಗೆ ಬುಟ್ಟಿ ಬೇಕಾದವರು ಮಳೆ ಶುರುವಾಗುವ ಮೊದಲೇ ಹೇಳಿಟ್ಟಿರಬೇಕು. ಮಳೆಗಾಲದಲ್ಲಿ ಬಳಿದ ಮಣ್ಣು ಬೇಗ ಒಣಗಲ್ಲ.